ಇಪ್ಪತ್ತಾರು ಸದ್ದಿನ ಅಕ್ಕೋರು

ಮುತ್ತವ್ವ ಕಣ್ಣು ತೆರೆದಾಗ ಕತೆ ಕೇಳಲು ಇದ್ದವರು ಇಬ್ಬರೇ. ಒಂದು ಆಡಿನ ಮರಿ, ಇನ್ನೊಬ್ಬರು ಆಗಷ್ಟೇ ಬಂದ ಮಹಿಳಾ ಮಂಡಳದ ಅಧ್ಯಕ್ಷೆ ಇಂದ್ರಾಬಾಯಿ.

ಇಳಕಲ್ಲಿನ ನೇಕಾರ ಓಣಿಯ ಬನಶಂಕರಿ ಗುಡಿಯ ಪಡಸಾಲೆಯಲ್ಲಿ ಮಂಡಳದ ಬಾಲವಾಡಿ ಶುರುವಾಗಿ ಆಗ ಎಂಟು ತಿಂಗಳಾಗಿತ್ತು. ೧೯೭೪ನೆಯ ಇಸವಿ. ಅಂದಿನ ಕತೆ ಕಣ್ಣಿಲ್ಲದ ಮುದುಕಿಯದು. ಮುದುಕಿಯ ಪಾತ್ರಕ್ಕೆ ಕಳೆ ಬರಲೆಂದು ಮುತ್ತವ್ವ ಪಡಸಾಲೆಯ ಮೂರನೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಮುಚ್ಚಿದ್ದು ಅಭಿನಯಕ್ಕೆ, ಮುಚ್ಚಿದ ಮೇಲೆ ತೆರೆಯದೆ ಉಳಿದದ್ದು ಆಯಾಸಕ್ಕೆ. ಮುದುಕಿ ಹೊಳೆ ದಾಟಿ, ಬಡಿಗೇರನ ಹತ್ತಿರ ಕೋಲು ಮಾಡಿಸಿಕೊಂಡು, ಅದೇ ಹೊಳೆಯನ್ನು ತಿರುಗಿ ದಾಟಿದ್ದಳು. ಅಷ್ಟಾದ ಮೇಲೆ ಮುತ್ತವ್ವ ಕೇಳಿದಳು, "ಈಗ ಹೇಳ್ರಿ ನೋಡೂಣು, ಮುದುಕಿ ಕೋಲು ಎಲ್ಲಿಟ್ಟಳು?"

"ಮ್ಯಾ" ಎಂದು ಉತ್ತರ ಬಂತು.

"ನಿಲ್ಲಿಸಬ್ಯಾಡ ಮುತ್ತವ್ವಾ, ಮುಂದ ಹೇಳು," ಎಂದರು ಇಂದ್ರಾಬಾಯಿ. "ಆಡಿನ ಮರಿ ಭಾಳ ಶಾಣ್ಯಾ ಕಾಣಸ್ತೈತಿ. ಸಾಲ್ಯಾಗ ಒಂದನೇತ್ತಕ್ಕ ಹಚ್ಚಿಬಿಡೂಣು."

ಮುತ್ತವ್ವ ಮರಿಯ ಆಚೆ ನೋಡಿದಳು. ಇಪ್ಪತ್ತಮೂರು ಮಕ್ಕಳಿದ್ದ ಜಾಗದಲ್ಲಿ ಇಪ್ಪತ್ತಮೂರು ಮಣೆಗಳಿದ್ದವು. ಅಲ್ಲಲ್ಲಿ ಒಂದಿಷ್ಟು ಸುಂಬಳ.

ಆದದ್ದು ಇಷ್ಟು. ಓಣಿಯ ತಿರುವಿನಲ್ಲಿ ಕೆಂಪು ಕಲ್ಲು ಹೇರಿದ ಲಾರಿಯೊಂದರ ಗಾಲಿ ಗಟಾರಕ್ಕೆ ಇಳಿದಿತ್ತು. ಕಲ್ಲು ಒಂದು ಮನೆಯಷ್ಟು ದೊಡ್ಡದು. ಊರಿಗೆ ಊರೇ ಅಲ್ಲಿ ನೆರೆದು, ಗಾಲಿ ಎತ್ತುವವರಿಗಿಂತ ಉಪಾಯ ಹೇಳುವವರೇ ಹೆಚ್ಚಾಗಿದ್ದರು. ಅದರ ಮುಂದೆ ಯಾವ ಮುದುಕಿಯ ಕೋಲು ನಿಂತೀತು? ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗಿದ್ದವು. ಎದ್ದು ಹೋಗುವಾಗಲೂ ಮರ್ಯಾದೆ ಬಿಟ್ಟಿರಲಿಲ್ಲ. ನಮ್ಮ ಕಡೆ ಕತೆಗೆ ಹೂಂಗುಟ್ಟುವವರು ಇರಲೇಬೇಕು. ಹೂಂ ನಿಂತರೆ ಕತೆ ನಿಂತಿತು. ಹೊಸ್ತಿಲು ದಾಟುವವರೆಗೂ ಎಲ್ಲವೂ ಹೂಂ ಅನ್ನುತ್ತಲೇ ಹೋಗಿದ್ದವು. ಎಲ್ಲರೂ ಕೂಡಿ ಹೂಂ ಅನ್ನುವಲ್ಲಿ ಇದೇ ತೊಂದರೆ. ಇಪ್ಪತ್ತಮೂರು ಹೂಂ ಇಪ್ಪತ್ತಾದದ್ದು ಕಿವಿಗೆ ತಿಳಿಯುವುದಿಲ್ಲ. ಇಪ್ಪತ್ತು ಹತ್ತಾದಾಗ ಮಕ್ಕಳು ಶಿಸ್ತು ಕಲಿತವು ಎಂದು ಸಮಾಧಾನವಾಗುತ್ತದೆ. ಕೊನೆಯ ಎರಡು ಮೂರು ಹೂಂ ಬಹುಶಃ ಆಡಿನ ಮರಿಯವೇ.

ಲಾರಿಯ ಹತ್ತಿರ ಇಪ್ಪತ್ತೆರಡು ಮಕ್ಕಳು ಸಿಕ್ಕವು. ಇಪ್ಪತ್ತಮೂರನೆಯದು ಸಿಗಲಿಲ್ಲ.

ಅದು ಚಂದ್ರವ್ವನ ಮಗ ಹುಚ್ಚೇಶ, ಮೂರೂವರೆ ವರ್ಷದವನು. ಆಮೇಲಿನ ಒಂದು ತಾಸನ್ನು ಮುತ್ತವ್ವ ಯಾವತ್ತೂ ಯಾರ ಮುಂದೆಯೂ ಪೂರ್ತಿ ಹೇಳಲಿಲ್ಲ. ಬಾವಿಗೆ ಪಾತಾಳಗರಡಿ ಬಿಟ್ಟರು. ಲಾರಿಯ ಕೆಳಗೆ ಬ್ಯಾಟರಿ ಹಾಕಿ ನೋಡಿದರು. ನೋಡುವಾಗ ಮುತ್ತವ್ವ ಮುಖ ತಿರುಗಿಸಿ ಗೋಡೆ ಹಿಡಿದು ನಿಂತಿದ್ದಳು. ಚಂದ್ರವ್ವ ಬೈಯಲಿಲ್ಲ, ಅಳಲಿಲ್ಲ, "ಅಕ್ಕೋರ, ನಿಮ್ಮ ಹತ್ರ ಬಿಟ್ಟಿದ್ನಲ್ರಿ" ಎಂದು ಒಂದೇ ಮಾತನ್ನು ಎರಡು ಸಲ ಹೇಳಿದಳು. ಬೈದಿದ್ದರೆ ಮುತ್ತವ್ವ ತಡೆದುಕೊಳ್ಳುತ್ತಿದ್ದಳು.

ಹುಡುಗ ಸಿಕ್ಕದ್ದು ಮುತ್ತವ್ವನ ಮನೆಯಲ್ಲೇ. ಗುಡಿಯ ಪಕ್ಕದ ಮನೆ ಅವಳದು. ಒಳಗೆ ಅವಳ ಗಂಡ ರಾಮಲಿಂಗಪ್ಪ ಕುಣಿ ಮಗ್ಗದಲ್ಲಿ ಕೂತು ಎಂದಿನಂತೆ ನೇಯುತ್ತಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ನೇಕಾರನ ಕಾಲು, ಮೇಲೆ ನೂಲು. ಮೂವತ್ತು ವರ್ಷ ಮಗ್ಗದ ಸದ್ದು ಕೇಳಿದ ಅವನ ಕಿವಿಗೆ ಓಣಿಯ ಗದ್ದಲ ತಾಗುವುದು ಕಷ್ಟ. ಮಧ್ಯಾಹ್ನ ಊಟಕ್ಕೆ ಎದ್ದಾಗ ಬಾಗಿಲಲ್ಲಿ ಜನ ನೋಡಿ ಏನೆಂದು ಕೇಳಿದ. ಹೇಳಿದರು. ಅವನು ಒಂದು ಗಳಿಗೆ ಕುಣಿಯನ್ನು ನೋಡಿ, ಆಮೇಲೆ ಹೆಂಡತಿಯನ್ನು ನೋಡಿದ.

"ಕಾಲಿಗೆ ಏನೋ ಮೆತ್ತಗ ಹತ್ತಿದಂಗಾತು. ಬೆಕ್ಕು ಅಂತ ಸುಮ್ಮನಾದ್ನಿ. ಬೆಕ್ಕು ಗೊರಕಿ ಹೊಡಿಯೂದಿಲ್ಲಲಾ ಅಂತ ಈಗ ಅನಸ್ತು ನೋಡು."

ಹುಚ್ಚೇಶ ಕುಣಿಯ ಮೂಲೆಯಲ್ಲಿ, ತುಳಿಯುವ ಕೋಲುಗಳ ಆಚೆ, ಮಡಚಿದ ಸೀರೆಯ ಹಾಗೆ ಮಲಗಿದ್ದ. ತಪ್ಪು ಅವನದಲ್ಲ. ಆ ಓಣಿಯಲ್ಲಿ ಬೇಸಿಗೆಗೆ ತಂಪಾದ ಜಾಗ ಅದೊಂದೇ. ಅದಲ್ಲದೆ ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸು ಮೊದಲು ಗುರುತು ಹಿಡಿಯುವುದು ಹೆತ್ತವರ ಮುಖವನ್ನಲ್ಲ, ಪಾದವನ್ನು. ತೆವಳಿಕೊಂಡು ಬಂದು ಕುಣಿಯಲ್ಲಿ ಇಣುಕಿದರೆ ಕಾಣುವುದು ಅದೇ. ಮುಖ ನೂಲಿನ ಮೇಲೆ ಬಾಗಿರುತ್ತದೆ, ಕೈಗೆ ಬಿಡುವಿರುವುದಿಲ್ಲ. ಆಡಿಸಲು ಸಿಗುವುದು ಕಾಲೊಂದೇ. ಬೇರೆ ಊರಿನ ಮಕ್ಕಳು ಹೆದರಿದರೆ ತಾಯಿಯ ಸೆರಗು ಹಿಡಿಯುತ್ತವೆ. ಇಳಕಲ್ಲಿನ ಮಕ್ಕಳ ತಾಯಂದಿರು ಸೆರಗು ನೇಯುವುದರಲ್ಲೇ ಇರುತ್ತಾರೆ, ಹಿಡಿಯಲು ಕೊಡುವುದೆಲ್ಲಿ? ಆದ್ದರಿಂದ ಅವು ಕಾಲಿನ ಹತ್ತಿರ ಹೋಗಿ ಮಲಗುತ್ತವೆ. ಯಾರ ಕಾಲಾದರೂ ಆದೀತು.

ಸಂಜೆ ಇಂದ್ರಾಬಾಯಿ ಮನೆಗೆ ಬಂದು ನೀರು ಸಹ ಕುಡಿಯದೆ ಹೇಳಿದರು. ಸೀರೆ ವ್ಯಾಪಾರದ ಮನೆಯ ಸೊಸೆ ಅವರು, ಮಾತನ್ನು ಅಳೆದು ಕತ್ತರಿಸುವವರು.

"ಈ ಸಲ ಸಿಕ್ತು. ಇನ್ನೊಮ್ಮಿ ಒಂದ ಕೂಸು ಕಳೀತಂದ್ರ, ಸಿಕ್ಕರೂ ಅಷ್ಟ, ಸಿಗದಿದ್ದರೂ ಅಷ್ಟ. ಬಾಲವಾಡಿ ಕೀಲಿಕೈ ನನ್ನ ಕೈಯಾಗ ಕೊಟ್ಟು ರಾಟಿ ಮುಂದ ಕೂಡು."

ರಾಟೆ ಎಂದರೆ ಮುತ್ತವ್ವನಿಗೆ ಗೊತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವಳು ಗಂಡನ ಅಂದಿನ ಲಾಳಿಗೆ ಬೇಕಾದ ನೂಲನ್ನು ರಾಟೆಯಲ್ಲಿ ಸುತ್ತುತ್ತಿದ್ದಳು. ಆಮೇಲೆ ನೀರು, ರೊಟ್ಟಿ, ಅತ್ತೆಯ ಗಂಜಿ, ಹರಿದ ಎಳೆ ಹುಡುಕಿ ಗಂಟು ಹಾಕುವುದು. ಒಂಬತ್ತಕ್ಕೆ ಬಾಲವಾಡಿ. ಒಂದಕ್ಕೆ ಬಂದು ಮತ್ತೆ ರಾಟೆ. ದಿನದ ಇಪ್ಪತ್ತನಾಲ್ಕು ತಾಸಿನಲ್ಲಿ ಬೆನ್ನಿಗೆ ಒಂದು ಆಧಾರ ಸಿಗುತ್ತಿದ್ದದ್ದು ಆ ನಾಲ್ಕು ತಾಸು, ಆ ಮೂರನೆಯ ಕಂಬದಲ್ಲಿ. ಉಳಿದಂತೆ ಎಲ್ಲರಿಗೂ ಅವಳು ಆಧಾರ. ಜೊತೆಗೆ, ನಾಲ್ಕನೆಯ ಇಯತ್ತೆ ಓದಿದ ಅವಳನ್ನು ಓಣಿ "ಅಕ್ಕೋರು" ಎಂದು ಕರೆಯುತ್ತಿದ್ದದ್ದೂ ಆ ನಾಲ್ಕು ತಾಸಿನಿಂದಲೇ. ನಮ್ಮಲ್ಲಿ ಸಾಲಿ ಕಲಿಸುವ ಹೆಂಗಸಿಗೆ ಆ ಹೆಸರು. ಕಂಬವನ್ನಾಗಲಿ ಹೆಸರನ್ನಾಗಲಿ ಬಿಟ್ಟುಕೊಡುವ ಶಕ್ತಿ ಅವಳಿಗಿರಲಿಲ್ಲ. ನಿಜ ಹೇಳಬೇಕೆಂದರೆ ಯಾವುದಕ್ಕೂ ಶಕ್ತಿ ಇರಲಿಲ್ಲ.

"ಬಾಗಲಕ್ಕ ಹಗ್ಗಾ ಕಟ್ಟೂಣೇನಕ್ಕಾ?" ಎಂದು ಮಾರನೆಯ ದಿನ ಕೇಳಿದಳು ದಸ್ತಗೀರಬಿ. ಬಾಲವಾಡಿಯ ಉಪ್ಪಿಟ್ಟು ಬೇಯಿಸುವ, ಮಕ್ಕಳ ಮೂಗು ಒರೆಸುವ ಆಯಾ ಅವಳು. ಗಂಡ ಸತ್ತ ಮೇಲೆ ಆ ಒಲೆಯೇ ಅವಳ ಮನೆಯ ಒಲೆಯನ್ನೂ ಹೊತ್ತಿಸುತ್ತಿತ್ತು.

"ಮಕ್ಕಳಿಗೋ, ನನಗೋ?"

"ನಿನಗ ಯಾಕ ಹಗ್ಗ? ನೀ ಎದ್ದು ಓಡಾಕ ಆದ್ರ ಅಲ್ಲೇನು."

ಕಾನ್ವೆಂಟಿನಲ್ಲಾದರೆ ಬೆರಳನ್ನು ತುಟಿಯ ಮೇಲೆ ಇಡಿಸಿ ಕೂರಿಸುತ್ತಾರೆ. ಮಗು ಸುಮ್ಮನಿದ್ದರೆ ಮಗು ಇದೆ ಎಂದು ಲೆಕ್ಕ. ಮುತ್ತವ್ವ ಒಂದು ವಾರ ಯೋಚಿಸಿ ಇದನ್ನು ತಿರುವು ಮುರುವು ಮಾಡಿದಳು. ಮಗು ಸುಮ್ಮನಾದರೆ ಮಗು ಇಲ್ಲ.

ಉಪಾಯ ಬಂದದ್ದು ತವರುಮನೆಯಿಂದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಒಂದೇ ಒಂದು ಕೊಂಡಿ ತಪ್ಪಿದರೂ ಮೊದಲ ಒಗೆತಕ್ಕೆ ಸೆರಗು ಬಾಯಿ ಬಿಡುತ್ತದೆ. ಹುಡುಗಿಯಾಗಿದ್ದಾಗ ಮುತ್ತವ್ವನ ಕೆಲಸ ಅದೇ ಆಗಿತ್ತು. ಇಬ್ಬರು ಕೂತು ಕೊಂಡಿ ಹಾಕಿದ ಮೇಲೆ ಅವಳು ಕಣ್ಣು ಮುಚ್ಚಿ ಬೆರಳು ಎಳೆಯುತ್ತ ಹೋಗುತ್ತಿದ್ದಳು. ತಪ್ಪಿದ ಜಾಗದಲ್ಲಿ ಬೆರಳು ತಾನೇ ನಿಲ್ಲುತ್ತಿತ್ತು. ಕಣ್ಣು ನಂಬಬಾರದು, ಕಣ್ಣಿಗೆ ಎಲ್ಲ ಎಳೆಯೂ ಒಂದೇ ಬಣ್ಣ, ಎಂದು ಅವಳ ಅಪ್ಪ ಹೇಳುತ್ತಿದ್ದ.

ಹಾಗಾಗಿ ಹೂಂಗುಟ್ಟುವುದು ರದ್ದಾಯಿತು. ಪ್ರತಿ ಮಗುವಿಗೂ ಒಂದೊಂದು ಸದ್ದು ಬಂತು. ಬೇರೆಯವರ ಸದ್ದನ್ನು ಯಾರೂ ಮಾಡುವಂತಿಲ್ಲ. ಕತೆ ಯಾವುದೇ ಇರಲಿ, ಅದು ಮನೆಯ ಬಾಗಿಲಿನಿಂದ ಹೊರಟು ಬಾವಿಯ ಹತ್ತಿರ ಮುಗಿಯಬೇಕು, ದಾರಿಯಲ್ಲಿ ಎಲ್ಲ ಸದ್ದೂ ಸಿಗಬೇಕು. ರಾಜನಿದ್ದರೆ ರಾಜ ಆ ದಾರಿಯಲ್ಲೇ ಹೋಗಬೇಕು, ಹುಲಿಯಿದ್ದರೆ ಹುಲಿಯೂ ಅಷ್ಟೆ. ಬಾಗಿಲು ಕಿರ್ ಅನ್ನುತ್ತಿತ್ತು. ಲಾಳಿ ಖಟಕ್ ಅನ್ನುತ್ತಿತ್ತು. ಹಪ್ಪಳ ಮುರಿಯುತ್ತಿತ್ತು, ಬಳೆಗಾರ ಬರುತ್ತಿದ್ದ, ಹುನಗುಂದದ ಬಸ್ಸು ಹಾರ್ನು ಹೊಡೆಯುತ್ತಿತ್ತು. ನಡುವೆ ಎಲ್ಲೋ ರಾಮಲಿಂಗಪ್ಪ ಕೆಮ್ಮುತ್ತಿದ್ದ. ಆ ಪಾತ್ರಕ್ಕೆ ಮಕ್ಕಳಲ್ಲಿ ಬಹಳ ಪೈಪೋಟಿ ಇತ್ತು. ಹುಚ್ಚೇಶ ಅದನ್ನು ಗೆದ್ದು, ಕೊನೆಯಲ್ಲಿ ಉಗುಳುವುದನ್ನೂ ಸೇರಿಸಿದ. ಕಟ್ಟಕಡೆಯ ಸದ್ದು ಬಾವಿಯ ಕಪ್ಪೆಯದು. ಕಪ್ಪೆ ಒಟರ್ ಅಂದರೆ ಕತೆ ಮುಗಿಯಿತು. ಅನ್ನದಿದ್ದರೆ ಮುಗಿಯುವುದಿಲ್ಲ, ಉಪ್ಪಿಟ್ಟೂ ಇಲ್ಲ.

ಮುತ್ತವ್ವ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕತೆ ಎಳೆಯುತ್ತ ಹೋಗುತ್ತಿದ್ದಳು. ಸದ್ದು ತಪ್ಪಿದಲ್ಲಿ ಕತೆ ತಾನೇ ನಿಲ್ಲುತ್ತಿತ್ತು. "ಬಳಿಗಾರ ಯಾಕ ಬರಲಿಲ್ಲ?" ಎನ್ನುವಳು. "ಬಳಿಗಾರ ಉಚ್ಚಿ ಹೊಯ್ಯಾಕ ಹೋಗ್ಯಾನ್ರಿ" ಎಂದು ಹಪ್ಪಳ ಹೇಳುತ್ತಿತ್ತು. ಬಳೆಗಾರ ಬರುವ ತನಕ ರಾಜ, ಮಂತ್ರಿ, ಏಳು ಮಂದಿ ರಾಣಿಯರು ನಡುದಾರಿಯಲ್ಲಿ ಕಾಯುತ್ತಿದ್ದರು. ಆ ಕಾಯುವಿಕೆಯೇ ಅವಳ ವಿಶ್ರಾಂತಿ.

ಈ ಏರ್ಪಾಡಿಗೆ ಒಂದು ತೊಡಕಿತ್ತು. ಮಕ್ಕಳು ಮನೆಗೆ ಹೋದ ಮೇಲೂ ತಮ್ಮ ಸದ್ದನ್ನು ಬಿಡುತ್ತಿರಲಿಲ್ಲ. ಉಣ್ಣುವಾಗ ಹಾರ್ನು, ಮಲಗುವಾಗ ಲಾಳಿ. "ಮನ್ಯಾಗ ಒಂದು ಮಗ್ಗ ಸಾಲದಂತ ನನ್ನ ಮಗಳಿಗೂ ಮಗ್ಗಾ ಹಾಕೀಯೇನವ್ವಾ?" ಎಂದು ಒಬ್ಬ ನೇಕಾರ ಜಗಳಕ್ಕೆ ಬಂದ. ಓಣಿಯ ಮಕ್ಕಳ ಹಣೆಬರಹ ಸರಳವಾಗಿತ್ತು: ಹುಟ್ಟಿದ ಮನೆಯಲ್ಲಿ ಮಗ್ಗ, ಮುಂದೆ ಸಾಲಿಯಲ್ಲಿ ಮಗ್ಗಿ. ಎರಡರ ನಡುವಿನ ಮೂರು ವರ್ಷ ಮುತ್ತವ್ವ. ಮಗ್ಗಿ ಬಾರದೆ ಮಗ್ಗಕ್ಕೆ ಮರಳಿದವರೇ ಹೆಚ್ಚು, ಅದು ಬೇರೆ ಮಾತು.

೧೯೭೬ರಲ್ಲಿ ಅವಳನ್ನು ಹತ್ತು ದಿನದ ತರಬೇತಿಗೆಂದು ಬಾದಾಮಿಗೆ ಕಳಿಸಿದರು. ಜೀವನದಲ್ಲಿ ಮೊದಲ ಸಲ ಹತ್ತು ದಿನ ರಾಟೆ ಇಲ್ಲ, ಒಲೆ ಇಲ್ಲ, ಗಂಡ ಇಲ್ಲ. ಹತ್ತು ದಿನವೂ ಮಲಗಿಬಿಡಬೇಕೆಂದು ಲೆಕ್ಕ ಹಾಕಿಕೊಂಡೇ ಬಸ್ಸು ಹತ್ತಿದ್ದಳು. ಆದರೆ ಅಲ್ಲಿ ಮಗ್ಗದ ಸದ್ದಿರಲಿಲ್ಲ. ಸದ್ದಿಲ್ಲದೆ ಅವಳಿಗೆ ನಿದ್ದೆ ಹತ್ತಲಿಲ್ಲ. ಹಗಲು ಉಪನ್ಯಾಸಕರು ಏರಿಳಿತವಿಲ್ಲದ ದನಿಯಲ್ಲಿ ಶಿಶು ಮನೋವಿಕಾಸದ ಬಗ್ಗೆ ಮಾತಾಡುವಾಗ ಮಾತ್ರ ಮಗ್ಗದ ನೆನಪಾಗಿ ಕಣ್ಣು ಮುಚ್ಚುತ್ತಿತ್ತು. ತರಬೇತಿಯಲ್ಲಿ ಕೊಟ್ಟ ಬಣ್ಣದ ಚಿತ್ರಪಟಗಳಲ್ಲಿ ಎರಡನ್ನು ಮಂಗಗಳು ಒಯ್ದವು. ಉಳಿದ ನಾಲ್ಕನ್ನು ಅವಳು ಇಳಕಲ್ಲಿಗೆ ತಂದು, ಮಳೆಗಾಲದಲ್ಲಿ ಕಿಟಕಿಗೆ ಕಟ್ಟಿದಳು.

"ಏನ್ ಕಲತು ಬಂದಿ?" ಎಂದು ರಾಮಲಿಂಗಪ್ಪ ಕೇಳಿದ.

"ಮಕ್ಕಳನ್ನ ಗುಂಡಗ ಕೂಡಸಬೇಕಂತ್ರಿ."

"ಇಷ್ಟು ದಿನ ಹ್ಯಾಂಗ ಕೂಡಸ್ತಿದ್ದಿ?"

"ಕೂಡೂದ ದೊಡ್ಡದಾಗಿತ್ತು."

ಹೀಗೆ ಒಂಬತ್ತು ವರ್ಷ. ಒಂದು ಮಗುವೂ ಕಳೆಯಲಿಲ್ಲ. ಸದ್ದುಗಳು ಒಂದು ತಂಡದಿಂದ ಇನ್ನೊಂದಕ್ಕೆ ಹೋದವು. ಕಪ್ಪೆಯಾಗಿದ್ದವಳು ಸಾಲಿಗೆ ಹೋದಾಗ ಬಂದವಳಿಗೆ ಕಪ್ಪೆ ಕಲಿಸಿ ಹೋಗುತ್ತಿದ್ದಳು. ರಾಮಲಿಂಗಪ್ಪನ ಕೆಮ್ಮು ಗಟ್ಟಿಯಾಗುತ್ತ ಹೋದಂತೆ ಮಕ್ಕಳ ಕೆಮ್ಮೂ ಗಟ್ಟಿಯಾಯಿತು. ಮುತ್ತವ್ವನ ಕೂದಲು ಸೀರೆಯ ಕಪ್ಪು ಒಡಲಿನ ಬಣ್ಣ ಬಿಟ್ಟು ಬಿಳಿ ನೂಲಿನ ಬಣ್ಣಕ್ಕೆ ತಿರುಗಿತು. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಹೆಸರು ಹಾಜರು, ಮುಖದಲ್ಲಿ ಒಂದೇ ಬೇಜಾರು. ಬೇಜಾರಿಗೆ ರಜೆ ಇರಲಿಲ್ಲ.

ಅಷ್ಟರಲ್ಲಿ, ೧೯೮೩ರಲ್ಲಿ, ಸರಕಾರದ ಕಾಗದ ಬಂತು. ಮಹಿಳಾ ಮಂಡಳದ ಬಾಲವಾಡಿ ಇನ್ನು ಸರಕಾರದ ಅಂಗನವಾಡಿ.

"ಬಾಲ ಹೋತು, ಅಂಗ ಬಂತು," ಎಂದಳು ದಸ್ತಗೀರಬಿ. "ಸೊಂಟಾ ಮಾತ್ರ ನಮ್ಮದ."

ಕಾಗದದ ಎರಡನೆಯ ಪುಟದಲ್ಲಿ ನಗು ಇರಲಿಲ್ಲ. ಕಲಿಸುವವಳು ಮೆಟ್ರಿಕ್ ಪಾಸಾಗಿರಬೇಕು. ಆಗದಿದ್ದರೆ ಅವಳನ್ನು ಸಹಾಯಕಿಯಾಗಿ ಇಟ್ಟುಕೊಳ್ಳಬಹುದು. ಸಹಾಯಕಿಯ ಜಾಗ ಒಂದೇ.

ಇಂದ್ರಾಬಾಯಿ ಓದಿ ಹೇಳಿದ್ದನ್ನು ಇಬ್ಬರೂ ಒಲೆಯ ಮುಂದೆ ಕೂತು ಕೇಳಿದರು. ಮುತ್ತವ್ವ ಒಲೆಗೆ ಬಂದರೆ ಕಂಬಕ್ಕೆ ಹೊಸ ಹುಡುಗಿ ಬರುತ್ತಾಳೆ. ಮುತ್ತವ್ವ ಒಲೆಗೆ ಬಂದರೆ ದಸ್ತಗೀರಬಿ ಬೀದಿಗೆ ಹೋಗುತ್ತಾಳೆ. ದಸ್ತಗೀರಬಿ ಸೌಟನ್ನು ಎರಡು ಸಲ ತೊಳೆದಳು.

"ಒಂದು ದಾರಿ ಐತಿ," ಎಂದರು ಇಂದ್ರಾಬಾಯಿ. ವಯಸ್ಸು ಅವರ ಮಾತನ್ನು ಮೆತ್ತಗೆ ಮಾಡಿರಲಿಲ್ಲ, ಮನಸ್ಸನ್ನು ಸ್ವಲ್ಪ ಮಾಡಿತ್ತು. "ವಿಜಾಪುರದಿಂದ ಸರಕಾರದ ಬಾಯಾರು ತಪಾಸಣಿಗೆ ಬರ್ತಾರ. ಮೈಸೂರು ಕಡಿಯವರು, ಭಾಳ ಓದಿದವರು. ನಿನ್ನ ಸದ್ದಿನ ಕತಿ ಸುದ್ದಿ ಅವರ ತನಕಾ ಹೋಗೈತಿ. ಅವರು ನೋಡಿ, ಇದರಾಗ ವಿಶೇಷ ಪದ್ಧತಿ ಐತಿ ಅಂತ ಬರದ್ರ, ಮೆಟ್ರಿಕ್ ಬಿಟ್ಟರೂ ನಡೀತೈತಿ. ಆದ್ರ ಯಾಕ ಹಿಂಗ ಮಾಡ್ತಿ ಅಂತ ಕೇಳ್ತಾರ. ನೀ ಹೇಳಿದ್ದ ಬರಕೋತಾರ. ಅಲ್ಲಿ ನೀ ಏನೇನೋ ಅನಬ್ಯಾಡ."

"ಏನನ್ನಲಿ ಬಾಯಾರ?"

ಇಂದ್ರಾಬಾಯಿ ಚೀಟಿ ತೆಗೆದು ಓದಿದರು. "ಮಕ್ಕಳ ಸರ್ವತೋಮುಖ ವಿಕಾಸ ಮತ್ತು ಸೃಜನಶೀಲ ಅಭಿವ್ಯಕ್ತಿಗಾಗಿ."

ಮುತ್ತವ್ವ ಆ ಸಾಲನ್ನು ಎಂಟು ದಿನ ಬಾಯಿಪಾಠ ಮಾಡಿದಳು. ಬೆಳಿಗ್ಗೆ ರಾಟೆಯ ಮುಂದೆ ಸರ್ವತೋಮುಖ, ರೊಟ್ಟಿ ಬಡಿಯುವಾಗ ಸೃಜನಶೀಲ. ಪಾತ್ರೆ ತಿಕ್ಕುತ್ತ ದಸ್ತಗೀರಬಿ ಪರೀಕ್ಷೆ ಮಾಡುವಳು.

"ಯಾಕ ಹಿಂಗ ಮಾಡ್ತೀರಿ ಮುತ್ತವ್ವನಾರ?"

"ಮಕ್ಕಳ ಸರ್ವತೋಮುಖ ವಿಕಾಸ ಮತ್ತ..."

"ಮತ್ತ?"

"ಮತ್ತ ನಿನ್ನ ಸಲುವಾಗಿ, ನನ್ನ ಬೆನ್ನಿನ ಸಲುವಾಗಿ."

"ಅದನ್ನ ಅನ್ನಬ್ಯಾಡ ಯಕ್ಕಾ. ನಿನ್ನ ಕಾಲಿಗೆ ಬೀಳ್ತೇನಿ."

ಅದನ್ನು ನಗುತ್ತಲೇ ಹೇಳಿದಳು, ಆದರೆ ಸೌಟು ಹಿಡಿದ ಕೈ ನಗುತ್ತಿರಲಿಲ್ಲ.

ರಾಮಲಿಂಗಪ್ಪನೂ ಮಗ್ಗದಿಂದಲೇ ಉಪದೇಶ ಕೊಟ್ಟ. "ಕಣ್ಣು ತಗದು ಕತಿ ಹೇಳು. ಸರಕಾರದ ಮುಂದ ಕಣ್ಣು ಮುಚ್ಚಬಾರದು."

"ಸರಕಾರ ಮುಚ್ಚಿದ್ರ ನಡೀತೈತೇನು?"

"ಅವರದು ಅವರ ಕಣ್ಣು," ಎಂದು ಅವನು ಕೆಮ್ಮಿದ.

ಅಧಿಕಾರಿಣಿ ಬರುವ ದಿನ ಇಂದ್ರಾಬಾಯಿ ಮನೆಯಿಂದ ಮೇಜು, ಎರಡು ಕುರ್ಚಿ ಬಂದವು. ಮೇಜಿನ ಒಂದು ಕಾಲು ಇಲಿ ತಿಂದಂತಿತ್ತು. ಅದನ್ನು ಮುಚ್ಚಲು ಒಂದು ಹೊಸ ಸೀರೆಯನ್ನೇ ನಾಲ್ಕೂ ಕಡೆ ನೆಲ ಮುಟ್ಟುವಂತೆ ಹೊದಿಸಿದರು. ಮಕ್ಕಳು ತಲೆಗೆ ಎಣ್ಣೆ ಸುರಿಸಿಕೊಂಡು ಬಂದು ಸಾಲಾಗಿ ಕೂತವು. ಗುಂಡಗೆ ಕೂರಿಸಬೇಕೆಂಬುದು ಮುತ್ತವ್ವನಿಗೆ ನೆನಪಾದಾಗ ಜೀಪು ಬಂದೇ ಬಿಟ್ಟಿತ್ತು. ಎಲ್ಲವೂ ಎದ್ದು ಮೊಗ್ಗು ಒಡೆದ ಹಾಗೆ ಚೆದುರಿ, ಒಂದು ವಕ್ರವಾದ ಗುಂಡಾಗಿ ಮತ್ತೆ ಕೂತವು.

ಅಧಿಕಾರಿಣಿ ಮೂವತ್ತರ ಒಳಗಿನವರು. ಕನ್ನಡಕದ ಹಿಂದೆ ಅವರ ಕಣ್ಣೂ ದಣಿದಿತ್ತು. ಬೆಳಗಿನಿಂದ ಅದು ಅವರ ಮೂರನೆಯ ಊರು. ಗುಡಿಯ ಪಡಸಾಲೆಯೆಂದು ಚಪ್ಪಲಿ ಕೆಳಗೆ ಬಿಟ್ಟು ಬಂದು, ಮೇಜಿನ ಹಿಂದೆ ಕೂತು, ಬರಿಗಾಲನ್ನು ಸೀರೆಯ ಮರೆಯಲ್ಲಿ ಚಾಚಿದರು. ಮುತ್ತವ್ವನಿಗೆ ಅವರ ಮೇಲೆ ಪ್ರೀತಿ ಬಂದದ್ದು ಆಗ. ಕಾಲು ಚಾಚುವವರ ಕಷ್ಟ ಅವಳಿಗೆ ಗೊತ್ತು.

"ನೀವು ದಿನಾ ಮಾಡುವ ಹಾಗೇ ಮಾಡಿ," ಎಂದರು ಅವರು. "ನಾನು ಇದ್ದೇನೆ ಅಂತ ಅಂದುಕೊಳ್ಳಲೇಬೇಡಿ."

ಮುತ್ತವ್ವ ಆ ಮಾತನ್ನು ಹಾಗೆಯೇ ನಂಬಿದಳು. ಕಂಬಕ್ಕೆ ಒರಗಿದಳು. ಗಂಡನ ಉಪದೇಶ ನೆನಪಿಟ್ಟುಕೊಂಡು ಮೊದಲ ನಾಲ್ಕು ಮಾತು ಕಣ್ಣು ತೆರೆದೇ ಹೇಳಿದಳು. ಐದನೆಯ ಮಾತಿಗೆ ರೆಪ್ಪೆ ತಾವಾಗಿ ಇಳಿದವು.

ಅಂದಿನ ಕತೆ, ಅತ್ತೆಯ ಮೇಲೆ ಸಿಟ್ಟಾಗಿ ತವರಿಗೆ ಹೊರಟ ಸೌಟಿನದು. ಅಡುಗೆಮನೆಯಿಂದ ಎದ್ದ ಸೌಟು ಬಾಗಿಲಿಗೆ ಬಂತು. "ಕಿರ್" ಎಂದಿತು ಬಾಗಿಲು. ಎಲ್ಲಿಗೆ ಹೊಂಟೀ ಎಂದು ಲಾಳಿ ಕೇಳಿತು, "ಖಟಕ್". ಹೋಗಬ್ಯಾಡ ಎಂದು ಹಪ್ಪಳ ಮುರಿದು ಬಿತ್ತು. ಬಳೆಗಾರ ಬಂದ, ಬಸ್ಸು ಬಂತು, ರಾಮಲಿಂಗಪ್ಪ ಕೆಮ್ಮಿದ. ಪಕ್ಕದ ಮನೆಯಿಂದ ನಿಜವಾದ ರಾಮಲಿಂಗಪ್ಪನೂ ಕೆಮ್ಮಿ ಉತ್ತರ ಕೊಟ್ಟಾಗ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಧಿಕಾರಿಣಿಯೂ ನಕ್ಕರು. ಅವರ ಪೆನ್ನು ಓಡತೊಡಗಿತು. "ಕಣ್ಣು ಮುಚ್ಚಿ ಕತೆಯಲ್ಲಿ ತಲ್ಲೀನರಾಗುತ್ತಾರೆ" ಎಂದು ಬರೆದದ್ದನ್ನು ಪಕ್ಕದಲ್ಲಿ ಕೂತ ಇಂದ್ರಾಬಾಯಿ ಓರೆಗಣ್ಣಿನಿಂದ ಓದಿ, ಅಡುಗೆಕೋಣೆಯ ಬಾಗಿಲಲ್ಲಿ ನಿಂತ ದಸ್ತಗೀರಬಿಗೆ ಕಣ್ಣಲ್ಲೇ ಸಮಾಧಾನ ಹೇಳಿದರು. "ಪ್ರತಿಯೊಂದು ಮಗುವೂ ಕತೆಯ ಕರ್ತೃ" ಎಂದು ಅದರ ಕೆಳಗೆ ಬಂತು. ಅದರ ಕೆಳಗೆ ಒಂದು ಗೆರೆಯೂ ಬಂತು. ಬರೆಯುತ್ತ ಅಧಿಕಾರಿಣಿ ಒಮ್ಮೆ ಕಾಲನ್ನು ಒಳಗೆ ಎಳೆದುಕೊಂಡು ಕೆಳಗೆ ನೋಡಿದರು. ಸೀರೆ ಬಿಟ್ಟರೆ ಏನೂ ಕಾಣಲಿಲ್ಲ. ಮತ್ತೆ ಬರೆದರು.

ಸೌಟು ಊರು ದಾಟಿತು. ಇಪ್ಪತ್ತು ಸದ್ದಾದವು, ಇಪ್ಪತ್ತೆರಡಾದವು. ಮುತ್ತವ್ವನ ದನಿ ತಗ್ಗಿ, ಎಲ್ಲರೂ ಮುಂದಕ್ಕೆ ಬಾಗಿದರು. ಇಪ್ಪತ್ತನಾಲ್ಕು, ಇಪ್ಪತ್ತೈದು. ಸೌಟು ಬಾವಿಯ ಕಟ್ಟೆಯ ಮೇಲೆ ಕೂತು, ತವರಿನಲ್ಲೂ ಸಾರು ತಿರುವುವುದೇ ತನ್ನ ಪಾಡಲ್ಲವೇ ಎಂದು ಯೋಚಿಸಿ, ನೀರಿನೊಳಗೆ ಇಣುಕಿ ಕೇಳಿತು, "ಕಪ್ಪಕ್ಕಾ, ನಾ ಹೋಗಲ್ಯೋ, ತಿರುಗಿ ಮನಿಗೆ ಬರಲ್ಯೋ? ನೀ ಏನಂತೀ?"

ಕಪ್ಪೆ ಏನೂ ಅನ್ನಲಿಲ್ಲ.

ಆ ವರ್ಷದ ಕಪ್ಪೆ ಮಾಯವ್ವ. ಚಂದ್ರವ್ವನ ಕೊನೆಯ ಮಗಳು, ಹುಚ್ಚೇಶನ ತಂಗಿ, ಮೂರು ತುಂಬಿ ಎರಡು ತಿಂಗಳು. ದಿನವೂ ಕತೆ ಬಾವಿಗೆ ಬರುವ ಮೊದಲೇ ಒಟಗುಟ್ಟಿ ಬೈಸಿಕೊಳ್ಳುವವಳು. ಮುತ್ತವ್ವ ಕಣ್ಣು ಮುಚ್ಚಿಯೇ ಕಾದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ, ಎಲ್ಲಿಗೆ ಹೋಗಿದೆಯೆಂದು ಯಾರೂ ಹೇಳದ ಖಾಲಿ ಜಾಗದಲ್ಲಿ ಬೆರಳು ನಿಂತಿತ್ತು. ಲಾರಿಯ ಕೆಳಗೆ ಬಿದ್ದ ಬ್ಯಾಟರಿಯ ಬೆಳಕು, ಗೋಡೆಯ ಸುಣ್ಣ, "ನಿಮ್ಮ ಹತ್ರ ಬಿಟ್ಟಿದ್ನಲ್ರಿ" ಎಂಬ ದನಿ, ಎಲ್ಲವೂ ಒಂದೇ ಉಸಿರಿನಲ್ಲಿ ಬಂದು ಹೋದವು. ಅವಳು ಕಣ್ಣು ತೆರೆದಳು. ವಕ್ರವಾದ ಗುಂಡಿನಲ್ಲಿ ಒಂದು ಮಣೆ ಬರಿದಾಗಿತ್ತು. ಬಾಗಿಲ ಹತ್ತಿರದ್ದಲ್ಲ, ಮೇಜಿನ ಹತ್ತಿರದ್ದು.

ಅಧಿಕಾರಿಣಿ ಆ ಮೌನವನ್ನು ಬೇರೆ ರೀತಿ ತಿಳಿದರು. ಕೊನೆಯನ್ನು ಹೇಳದೆ ಕತೆಯನ್ನು ಮಕ್ಕಳ ಕೈಗೆ ಬಿಟ್ಟುಕೊಟ್ಟ ಮೌನ ಅದು ಎಂದು ಅವರಿಗೆ ತೋರಿತು. ಇಷ್ಟು ಊರು ತಿರುಗಿದ್ದರಲ್ಲಿ ಇಂಥದನ್ನು ಅವರು ಕಂಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಹೊಸ ಹಾಳೆ ತಿರುವಿದರು.

"ಮುತ್ತವ್ವನವರೇ, ನನಗೆ ತುಂಬಾ ಸಂತೋಷವಾಗಿದೆ. ಒಂದೇ ಒಂದು ಪ್ರಶ್ನೆ. ಪ್ರತಿ ಮಗುವಿಗೂ ಹೀಗೆ ಅದರದೇ ಒಂದು ದನಿ ಕೊಟ್ಟಿದ್ದೀರಲ್ಲ, ಇದರ ಹಿಂದಿನ ನಿಮ್ಮ ಉದ್ದೇಶ ಏನು? ನಿಮ್ಮ ಮಾತಿನಲ್ಲೇ ಹೇಳಿ. ಹೇಳಿದ್ದನ್ನು ಹಾಗೇ ಬರೆದು ಕಳಿಸುತ್ತೇನೆ."

ಇಂದ್ರಾಬಾಯಿಯ ತುಟಿ ಸದ್ದಿಲ್ಲದೆ "ಸರ್ವತೋ" ಎಂದು ಅಲುಗಿತು. ಬಾಗಿಲಲ್ಲಿ ದಸ್ತಗೀರಬಿ ಸೌಟನ್ನು ಎದೆಗೆ ಹಿಡಿದು ನಿಂತಿದ್ದಳು. ಮುತ್ತವ್ವ ಇಬ್ಬರನ್ನೂ ನೋಡಿದಳು. ಎಂಟು ದಿನದ ಬಾಯಿಪಾಠ ಬಾಯಿಯವರೆಗೆ ಬಂದಿತ್ತು. ಅವಳು ಕಂಬವನ್ನು ಬಿಟ್ಟು ಎದ್ದು, ನೆಲ ಮುಟ್ಟಿದ್ದ ಸೀರೆಯ ಅಂಚನ್ನು ನೋಡುತ್ತ ಮೇಜಿನ ಹತ್ತಿರ ಬಂದಳು.

"ಎಣಸಾಕ್ರೀ ಬಾಯಾರ," ಎಂದಳು. "ಒಂದು ಕಡಿಮಿ ಬಂದೈತಿ. ನಿಮ್ಮ ಕಾಲು ಒಂದೀಟು ಆಕಡಿ ತಗೋರಿ."